ಗೋಡೆಗೆ ತೂಗಿದ ಗಿಟಾರು: ಪ್ರಾಯ ಕಳೆದ ಮೇಲೆ ತಿರಿಗಿ ಬಾರಿಸುವವರಿಗೆ ಒಂದು ಪಾಠ



ನಮ್ಮ ಹಳ್ಳಿಗಳ ಮನೆಗಳಲ್ಲಿ ಅಟ್ಟದ ಮೇಲಾಗಲಿ ಗೋಡೆಯ ಮೊಳೆಯಲ್ಲಾಗಲಿ ಸುಮ್ಮನೆ ಬಿದ್ದಿರುವ ವಾದ್ಯಗಳು ಉಂಟು. ಒಂದು ಮನೆಯಲ್ಲಿ ತಿದಿ ಹರಿದ ಹಾರ್ಮೋನಿಯಂ, ಇನ್ನೊಂದರಲ್ಲಿ ತಂತಿಗೆ ತುಕ್ಕು ಹಿಡಿದ ಗಿಟಾರು, ಮತ್ತೊಂದರಲ್ಲಿ ತಂತಿಯೇ ಇಲ್ಲದ ಪಿಟೀಲು. ಅವುಗಳನ್ನು ಬಾರಿಸಿದವರು ತೀರಿಹೋಗಿದ್ದಾರೆಂದು ನೆನಸಬೇಡಿರಿ. ಎಷ್ಟೋ ಸಾರಿ ಅವರು ಅದೇ ಮನೆಯ ಜಗಲಿಯಲ್ಲಿ ಕೂತಿರುತ್ತಾರೆ. ಯೌವನದಲ್ಲಿ ಬಾರಿಸುತ್ತಿದ್ದರು, ಆ ಮೇಲೆ ಮದುವೆಯಾಯಿತು, ಮಕ್ಕಳಾದರು, ಹೊಲದ ಕೆಲಸವೂ ಸಾಲದ ಚಿಂತೆಯೂ ಬಂದವು, ವಾದ್ಯವು ಮೂಲೆ ಸೇರಿತು. ಈಗ ಮಕ್ಕಳು ದೊಡ್ಡವರಾದರು, ಸಾಯಂಕಾಲಗಳು ಬರಿದಾದವು. ಆದರೂ ತಿರಿಗಿ ಬಾರಿಸಿರಿ ಎಂದು ಹೇಳಿದರೆ, "ಅದೆಲ್ಲಾ ಆ ಕಾಲಕ್ಕೆ ಮುಗಿಯಿತು, ಈಗ ಬೆರಳು ಬಗ್ಗುವದಿಲ್ಲ, ನೋಡಿದವರು ನಕ್ಕಾರು" ಎಂದು ಉತ್ತರ ಕೊಡುತ್ತಾರೆ.

ಈ ಉತ್ತರದಲ್ಲಿ ಮೂರು ಮಾತುಗಳು ಅಡಗಿರುತ್ತವೆ. ಕಾಲ ಮುಗಿಯಿತು ಎಂಬದು ಒಂದು. ಕೈ ಮರೆತಿತು ಎಂಬದು ಎರಡು. ನಾಚಿಕೆಯಾಗುವದು ಎಂಬದು ಮೂರು. ಈ ಮೂರೂ ಸತ್ಯವೋ ಅಲ್ಲವೋ ಎಂಬದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ. ಅದರ ಸಂಗಡ ಇನ್ನೊಬ್ಬರು ಬಾರಿಸಿಬಿಟ್ಟ ಹಳೇ ಗಿಟಾರನ್ನು ಹೇಗೆ ಪರೀಕ್ಷಿಸಬೇಕು, ಹೇಗೆ ಸ್ವರ ಕೂಡಿಸಬೇಕು, ಮೊದಲನೇ ವಾರಗಳಲ್ಲಿ ಹೇಗೆ ಅಭ್ಯಾಸ ಮಾಡಬೇಕು ಎಂಬದನ್ನೂ ತಿಳಿಸುವೆವು.

1. ಒಬ್ಬ ಮನೆಗೆಲಸದಾಕೆಯ ವೃತ್ತಾಂತ

ಅಮೇರಿಕ ದೇಶದ ನಾರ್ತ್ ಕ್ಯಾರೊಲೈನ ಸೀಮೆಯಲ್ಲಿ ಕಾರ್ಬರೋ ಎಂಬ ಸಣ್ಣ ಊರು ಉಂಟು. ಅಲ್ಲಿ 1890ರ ದಶಕದಲ್ಲಿ ಬಡ ನೀಗ್ರೋ ಕುಟುಂಬವೊಂದರಲ್ಲಿ ಎಲಿಜಬೆತ್ ಎಂಬ ಹುಡುಗಿಯು ಹುಟ್ಟಿದಳು. ಆಕೆಯ ಅಣ್ಣನಿಗೆ ಬ್ಯಾಂಜೋ ಎಂಬ ತಂತಿವಾದ್ಯವಿತ್ತು. ಅಣ್ಣನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಆಕೆ ಅದನ್ನು ಗುಟ್ಟಾಗಿ ತೆಗೆದು ಬಾರಿಸುತ್ತಿದ್ದಳು. ಅವಳು ಎಡಗೈಯವಳು, ವಾದ್ಯವಾದರೋ ಬಲಗೈಯವರಿಗೆ ತಂತಿ ಕಟ್ಟಿದ್ದು. ಅಣ್ಣನ ವಾದ್ಯದ ತಂತಿಗಳನ್ನು ಬದಲಿಸುವದಕ್ಕೆ ಆಗದ್ದರಿಂದ ಅವಳು ಅದನ್ನು ತಿರುಗಿಸಿ ಹಿಡಿದು ತನಗೆ ತೋಚಿದ ಹಾಗೆ ಬಾರಿಸಿದಳು. ಹೇಳಿಕೊಡುವವರು ಯಾರೂ ಇರಲಿಲ್ಲ.

ಅಣ್ಣನು ಮನೆ ಬಿಟ್ಟು ಹೋಗುವಾಗ ಬ್ಯಾಂಜೋವನ್ನೂ ತೆಗೆದುಕೊಂಡು ಹೋದನು. ಹುಡುಗಿಯು ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕೆ ನಿಂತಳು. ಕೂಲಿ ತಿಂಗಳಿಗೆ 75 ಸೆಂಟು. ಅದರಿಂದ ಉಳಿಸಿ 3 ಡಾಲರು 75 ಸೆಂಟಿಗೆ ಒಂದು ಗಿಟಾರನ್ನು ಕೊಂಡುಕೊಂಡಳು. ಲೆಕ್ಕ ಹಾಕಿ ನೋಡಿರಿ: ಆ ದರದಂತೆ ಅದು ಐದು ತಿಂಗಳ ಪೂರ್ತಿ ಕೂಲಿ. ಹತ್ತು ಹನ್ನೆರಡು ವರುಷದ ಕೂಲಿಹುಡುಗಿಯು ಐದು ತಿಂಗಳ ದುಡಿತವನ್ನು ಒಂದು ವಾದ್ಯಕ್ಕಾಗಿ ಕೊಟ್ಟಳೆಂದರೆ ಆಕೆಗೆ ಅದರಲ್ಲಿದ್ದ ಆಶೆ ಎಷ್ಟೆಂದು ತಿಳಿಯುವದು. ಗೂಡ್ಸು ರೈಲನ್ನು ಕುರಿತ ಒಂದು ಹಾಡನ್ನೂ ಆಕೆ ಆ ಎಳೇ ಪ್ರಾಯದಲ್ಲಿಯೇ ಕಟ್ಟಿದಳು.

ಪ್ರಾಯ ಬಂದಾಗ ಆಕೆಗೆ ಫ್ರಾಂಕ್ ಕಾಟನ್ ಎಂಬವನ ಸಂಗಡ ಮದುವೆಯಾಗಿ, ಒಬ್ಬ ಮಗಳು ಹುಟ್ಟಿದಳು. ಆ ಕಾಲದಲ್ಲಿ ಆಕೆ ಸೇರಿದ ಸಭೆಯ ಹಿರಿಯರು, ಇಂಥಾ ಲೋಕದ ಹಾಡುಗಳನ್ನು ಬಾರಿಸುವದು ದೇವರ ಸೇವೆಗೆ ಹೊಂದುವದಿಲ್ಲವೆಂದು ಬುದ್ಧಿ ಹೇಳಿದರು. ಅವಳು ಅವರ ಮಾತಿಗೆ ಒಪ್ಪಿ ಮೆಲ್ಲಮೆಲ್ಲನೆ ಗಿಟಾರನ್ನು ಬಿಟ್ಟಳು. ಒಂದೆರಡು ವರುಷವಲ್ಲ, ಹಲವು ದಶಕಗಳ ತನಕ ವಾದ್ಯವು ಆಕೆಯ ಜೀವಿತದಿಂದ ದೂರವಾಗಿತ್ತು. ಆ ಕಾಲವೆಲ್ಲಾ ಅವಳು ಇನ್ನೊಬ್ಬರ ಮನೆಗಳನ್ನು ಗುಡಿಸಿ ಒರಸಿ ಅಡಿಗೆ ಮಾಡಿ ಜೀವನ ಸಾಗಿಸಿದಳು.

ಅನಂತರ ವಾಷಿಂಗ್ಟನ್ ಪಟ್ಟಣದ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ದಾರಿತಪ್ಪಿ ಅಲೆಯುತ್ತಿದ್ದ ಒಬ್ಬ ಹುಡುಗಿಯನ್ನು ಕಂಡು, ಆಕೆಯ ತಾಯಿಗೆ ಒಪ್ಪಿಸಿದಳು. ಆ ತಾಯಿಯು ರೂತ್ ಕ್ರಾಫರ್ಡ್ ಸೀಗರ್ ಎಂಬ ಸಂಗೀತ ರಚಿಸುವಾಕೆ, ಹುಡುಗಿಯು ಪೆಗಿ. ಈ ಪರಿಚಯದಿಂದ ಎಲಿಜಬೆತ್ ಕಾಟನಳಿಗೆ ಸೀಗರ್ ಕುಟುಂಬದ ಮನೆಗೆಲಸ ದೊರಕಿತು. ಅದು ಸಂಗೀತದ ಮನೆ. ಅಲ್ಲಿ ಗೋಡೆಗೆ ಒಂದು ಗಿಟಾರು ತೂಗಿತ್ತು. ಕೆಲಸದ ಮಧ್ಯದಲ್ಲಿ ಆಕೆ ಅದನ್ನು ಇಳಿಸಿ ಬಾರಿಸತೊಡಗಿದಳು. ಮನೆಯ ಮಕ್ಕಳು ಕೇಳಿ ಬೆರಗಾದರು. ಅಲ್ಲಿಯ ವರೆಗೆ ತಮ್ಮ ಕೆಲಸದಾಕೆಗೆ ಈ ವಿದ್ಯೆ ಉಂಟೆಂದು ಅವರಿಗೆ ತಿಳಿದಿರಲಿಲ್ಲ.

ಆ ಮನೆಯ ಮಗನಾದ ಮೈಕ್ ಸೀಗರನು ಆಕೆಯ ಬಾರಿಸುವಿಕೆಯನ್ನು ಯಂತ್ರದಲ್ಲಿ ಹಿಡಿದನು. 1958ನೇ ಇಸವಿಯಲ್ಲಿ ಅದು ಫೋಕ್‌ವೇಸ್ ಸಂಸ್ಥೆಯಿಂದ ಪ್ರಕಟವಾಯಿತು. ಆಗ ಆಕೆಗೆ ಅರುವತ್ತು ದಾಟಿತ್ತು. ಆ ಬಳಿಕ ಅವಳು ಸಭೆಗಳ ಮುಂದೆ ಬಾರಿಸುವದಕ್ಕೆ ಆರಂಭಿಸಿ ದೇಶದಲ್ಲೆಲ್ಲಾ ಸಂಚರಿಸಿದಳು. ಮರಿಮಕ್ಕಳನ್ನು ಸೇರಿಸಿಕೊಂಡು ಹೊಸ ಹಾಡನ್ನೂ ಕಟ್ಟಿದಳು. 1984ರಲ್ಲಿ ಅಮೇರಿಕ ಸರಕಾರದ ಕಲಾನಿಧಿಯು ಆಕೆಗೆ ಜನಪದ ಕಲೆಯ ರಾಷ್ಟ್ರೀಯ ಗೌರವವನ್ನು ಕೊಟ್ಟಿತು. 1985ರಲ್ಲಿ ಗ್ರಾಮಿ ಎಂಬ ಬಹುಮಾನ ದೊರಕಿತು. ಆಗ ಆಕೆಯ ಪ್ರಾಯ ಸುಮಾರು ತೊಂಭತ್ತು. 1987ರಲ್ಲಿ ನ್ಯೂಯಾರ್ಕ್ ಸೀಮೆಯ ಸಿರಕ್ಯೂಸ್ ಪಟ್ಟಣದಲ್ಲಿ ತೀರಿಹೋದಳು.

ಆಕೆ ಬಾರಿಸುವ ರೀತಿಯು ಕೊನೇ ವರೆಗೂ ಬಾಲ್ಯದ್ದೇ ಆಗಿತ್ತು. ಗಿಟಾರನ್ನು ತಿರುಗಿಸಿ ಹಿಡಿದದ್ದರಿಂದ, ಮಿಕ್ಕವರು ಹೆಬ್ಬೆರಳಿನಿಂದ ಬಾರಿಸುವ ದಪ್ಪ ತಂತಿಗಳನ್ನು ಆಕೆ ಬೆರಳುಗಳಿಂದಲೂ, ಮಿಕ್ಕವರು ಬೆರಳುಗಳಿಂದ ಬಾರಿಸುವ ತೆಳು ತಂತಿಗಳನ್ನು ಹೆಬ್ಬೆರಳಿನಿಂದಲೂ ಬಾರಿಸುತ್ತಿದ್ದಳು. ಗುರುವಿಲ್ಲದ ಹುಡುಗಿಯ ಈ ಕ್ರಮಕ್ಕೆ ಈಗ ಆಕೆಯ ಹೆಸರನ್ನೇ ಇಟ್ಟಿದ್ದಾರೆ. ಪ್ರಪಂಚದ ಗಿಟಾರು ಕಲಿಯುವವರು ಅದನ್ನು ಪಾಠವಾಗಿ ಅಭ್ಯಾಸ ಮಾಡುತ್ತಾರೆ.

ಇನ್ನೊಂದು ಸಾಕ್ಷಿಯನ್ನು ಸಂಕ್ಷೇಪವಾಗಿ ಕೊಡುವೆವು. ಮಿಸಿಸಿಪ್ಪಿ ಸೀಮೆಯ ಅವಲಾನ್ ಎಂಬ ಹಳ್ಳಿಯಲ್ಲಿ ಜಾನ್ ಹರ್ಟ್ ಎಂಬ ಬಡ ರೈತನು ಇದ್ದನು. 1928ರಲ್ಲಿ ಅವನ ಕೆಲವು ಹಾಡುಗಳು ತಟ್ಟೆಗಳಾಗಿ ಪ್ರಕಟವಾದವು. ಅವು ಬಹಳವಾಗಿ ಮಾರಲಿಲ್ಲ. ದೇಶಕ್ಕೆ ಹಣದ ಮುಗ್ಗಟ್ಟು ಬಂತು. ಅವನು ಹೊಲಕ್ಕೆ ಹಿಂತಿರುಗಿ ಮೂವತ್ತು ವರುಷಗಳಿಗಿಂತ ಹೆಚ್ಚಾಗಿ ದುಡಿದನು. 1963ರಲ್ಲಿ ಒಬ್ಬ ಯೌವನಸ್ಥನು ಹಳೇ ತಟ್ಟೆಯ ಹಾಡಿನಲ್ಲಿ ಬಂದ ಊರಿನ ಹೆಸರನ್ನೇ ಗುರುತಾಗಿ ಹಿಡಿದು ಹೊರಟು ಅವನನ್ನು ಕಂಡುಕೊಂಡನು. ಅದೇ ವರುಷ ಈ ಮುದುಕನು ನ್ಯೂಪೋರ್ಟ್ ಎಂಬಲ್ಲಿ ನಡೆದ ದೊಡ್ಡ ಸಂಗೀತೋತ್ಸವದಲ್ಲಿ ಬಾರಿಸಿದನು. ಆಗ ಅವನಿಗೆ ಎಪ್ಪತ್ತರ ಆಸುಪಾಸು. 1966ರಲ್ಲಿ ಸಾಯುವ ತನಕ ಅವನು ಬಾರಿಸುತ್ತಾ ಇದ್ದನು.

2. ಈ ವೃತ್ತಾಂತದಿಂದ ಕಲಿಯತಕ್ಕದ್ದು

ಮೊದಲನೇದು ಹಿರಿಯರಿಗೆ. ಎಲಿಜಬೆತಳ ಸಭೆಯವರು ಕೆಟ್ಟ ಮನಸ್ಸಿನಿಂದ ಬುದ್ಧಿ ಹೇಳಿದರೆಂದು ನಾವು ತೀರ್ಪು ಮಾಡತಕ್ಕದ್ದಲ್ಲ. ಕುಡಿತವೂ ಜಗಳವೂ ಕೂಡಿದ ಕೂಟಗಳಲ್ಲಿ ಬಾರಿಸುವ ವಾದ್ಯವನ್ನು ನೋಡಿದವರಿಗೆ ವಾದ್ಯದ ಮೇಲೆಯೇ ಸಂಶಯ ಹುಟ್ಟುವದು ಸಹಜ. ಆದರೆ ಕೂಟವು ಬೇರೆ, ಹಾಡು ಬೇರೆ, ವಾದ್ಯವು ಬೇರೆ. ಕುಡುಗೋಲಿನಿಂದ ಒಬ್ಬನು ಹೊಡೆದಾಡಿದನೆಂದು ಊರಿನವರೆಲ್ಲರೂ ಪೈರು ಕೊಯ್ಯುವದನ್ನು ಬಿಡುವದುಂಟೇ? ದಾವೀದನು ಸೌಲನ ಮುಂದೆ ಕಿನ್ನರಿಯನ್ನು ಬಾರಿಸಿದ್ದೂ, ಕೀರ್ತನೆಗಳ ಪುಸ್ತಕದಲ್ಲಿ ತಂತಿವಾದ್ಯಗಳ ಹೆಸರು ಬಂದದ್ದೂ ನಮ್ಮ ಓದುಗರು ಬಲ್ಲರು. ಇದನ್ನು ಮಾಡಬೇಡವೆಂದು ಹೇಳುವ ಹಿರಿಯನು, ಇದನ್ನು ಬಿಟ್ಟವಳು ಏನು ಕಳಕೊಳ್ಳುವಳು ಎಂಬದನ್ನೂ ತೂಗಿನೋಡಬೇಕು. ಸೀಗರ್ ಮನೆಯ ಗೋಡೆಯಲ್ಲಿ ಆ ಗಿಟಾರು ಇರದಿದ್ದರೆ ಆ ವರವು ಆಕೆಯ ಸಂಗಡಲೇ ಮಣ್ಣು ಸೇರುತ್ತಿತ್ತು.

ಎರಡನೇದು ಬಿಟ್ಟವರಿಗೆ. ಎಲಿಜಬೆತಳು ತಿರಿಗಿ ಆರಂಭಿಸುವಾಗ ಒಳ್ಳೇ ವಾದ್ಯಕ್ಕೂ ಬಿಡುವಿಗೂ ಗುರುವಿಗೂ ಕಾಯಲಿಲ್ಲ. ಯಜಮಾನರ ಗೋಡೆಯಲ್ಲಿದ್ದದ್ದನ್ನು ಕೆಲಸದ ನಡುವೆ ಇಳಿಸಿದಳು, ಅಷ್ಟೇ. ಇದರಿಂದ "ಕಾಲ ಮುಗಿಯಿತು" ಎಂಬ ಮಾತು ಎಲ್ಲರ ವಿಷಯದಲ್ಲಿಯೂ ಸತ್ಯವಲ್ಲವೆಂದು ಸ್ಪಷ್ಟವಾಗುವದು. ಪ್ರತಿಯೊಬ್ಬರಿಗೂ ಬಹುಮಾನ ಬರುವದೆಂದು ನಾವು ಹೇಳುವದಿಲ್ಲ, ಬರುವದೂ ಇಲ್ಲ. ಆದರೆ ಸಾಯಂಕಾಲ ಮೊಮ್ಮಕ್ಕಳ ಮುಂದೆ ಒಂದು ರಾಗವನ್ನು ತಪ್ಪಿಲ್ಲದೆ ಬಾರಿಸುವ ಸಂತೋಷಕ್ಕೆ ಬಹುಮಾನದ ಅಗತ್ಯವೇನು?

ಮೂರನೇದು ಮನೆಯವರಿಗೆ. ಆಕೆ ಬಾಲ್ಯದಲ್ಲಿ ಕಟ್ಟಿದ ರೈಲಿನ ಹಾಡು ಪೆಗಿಯ ಮೂಲಕ ಇಂಗ್ಲೆಂಡಿಗೆ ಹೋಗಿ 1957ರಲ್ಲಿ ಅಲ್ಲಿ ಬಹಳ ಪ್ರಸಿದ್ಧವಾಯಿತು. ಆದರೆ ಕಟ್ಟಿದವರೆಂದು ಬೇರೆಯವರ ಹೆಸರು ಬಿತ್ತು. ವಾದ ನಡೆದ ಮೇಲೆ ಆಕೆಯ ಹಕ್ಕು ಸ್ಥಾಪಿತವಾಯಿತು. ನಮ್ಮ ಮುದುಕರೂ ಮುದುಕಿಯರೂ ಬಲ್ಲ ಹಾಡುಗಳನ್ನು ಅವರು ಬದುಕಿರುವಾಗಲೇ ಬರೆದಿಡಿರಿ. ಈಗ ಮನೆಮನೆಯಲ್ಲಿರುವ ಮೊಬೈಲಿನಲ್ಲಿ ಅವರ ಸ್ವರವನ್ನು ಹಿಡಿದಿಡಿರಿ. ಯಾರು ಹಾಡಿದರು, ಯಾರಿಂದ ಕಲಿತರು, ಯಾವ ದಿನ ಎಂಬದನ್ನೂ ಅದರ ಸಂಗಡ ಹೇಳಿಸಿರಿ.

3. ಕೈಗೂ ಒಂದು ಜ್ಞಾಪಕ ಉಂಟು

"ಕೈ ಮರೆತಿತು" ಎಂಬ ಎರಡನೇ ಮಾತನ್ನು ಈಗ ನೋಡುವ. ಜ್ಞಾಪಕವು ಒಂದೇ ಬಗೆಯದಲ್ಲ. ಹೆಸರುಗಳನ್ನೂ ತಾರೀಕುಗಳನ್ನೂ ನೆನಪಿಡುವದು ಒಂದು ಬಗೆ. ಸೈಕಲ್ ತುಳಿಯುವದು, ಈಸುವದು, ಬುಟ್ಟಿ ಹೆಣೆಯುವದು ಇವುಗಳನ್ನು ನೆನಪಿಡುವದು ಇನ್ನೊಂದು ಬಗೆ. ಇವೆರಡೂ ಮೆದುಳಿನಲ್ಲಿ ಬೇರೆ ಬೇರೆ ದಾರಿಯಿಂದ ನಡೆಯುತ್ತವೆಂದು ವಿದ್ವಾಂಸರು ಕಂಡುಕೊಂಡಿದ್ದಾರೆ.

ಇದಕ್ಕೆ ಒಂದು ದೃಷ್ಟಾಂತ. ಒಬ್ಬ ರೋಗಿಗೆ 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ಸಂಗತಿ ಯಾವದೂ ನೆನಪಿನಲ್ಲಿ ನಿಲ್ಲದೆ ಹೋಯಿತು. ಕೆನಡ ದೇಶದಲ್ಲಿ ಕೆಲಸ ಮಾಡಿದ ಬ್ರೆಂಡಾ ಮಿಲ್ನರ್ ಎಂಬ ವಿದ್ವಾಂಸಳು ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯನ್ನು ತಿದ್ದುವ ಕೆಲಸವನ್ನು ದಿನದಿನವೂ ಕೊಟ್ಟಳು. ಹಿಂದಿನ ದಿನ ಅದನ್ನು ಮಾಡಿದ್ದೆನೆಂಬ ನೆನಪೇ ಅವನಿಗೆ ಇರಲಿಲ್ಲ. ಆದರೂ ದಿನದಿಂದ ದಿನಕ್ಕೆ ಅವನ ತಪ್ಪುಗಳು ಕಡಿಮೆಯಾಗುತ್ತಾ ಬಂದವು. 1962ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ, ಮನಸ್ಸು ಮರೆತರೂ ಕೈ ಕಲಿಯಬಲ್ಲದೆಂದು ತಿಳಿದುಬಂತು.

ಆದದರಿಂದ ಯೌವನದಲ್ಲಿ ಚೆನ್ನಾಗಿ ಕಲಿತ ಬೆರಳಿನ ಚಲನೆಯು ಪೂರ್ತಿಯಾಗಿ ಅಳಿದುಹೋಗುವದು ಅಪರೂಪ. ಅದು ಬೇಸಿಗೆಯಲ್ಲಿ ಒಣಗಿದ ಗರಿಕೆಯ ಹಾಗೆ; ಮೇಲೆ ಹಸುರು ಕಾಣದಿದ್ದರೂ ಬೇರು ಇರುತ್ತದೆ. ತಿರಿಗಿ ಆರಂಭಿಸುವವನು ಹೊಸದಾಗಿ ಕಲಿಯುವವನಿಗಿಂತ ಬೇಗನೆ ಮುಂದುವರಿಯುವನು. ಆದರೆ ಕಳೆದುಹೋಗುವಂಥಾದ್ದೂ ಉಂಟು. ಬೆರಳ ತುದಿಯ ಗಟ್ಟಿ ಚರ್ಮವು ಹೋಗುವದು, ಕೈಯ ಬಲವು ಕುಗ್ಗುವದು, ಗೆಣ್ಣುಗಳು ಬಿರುಸಾಗುವವು. ಹೀಗಿರುವದರಿಂದ ಮನಸ್ಸು ಇಪ್ಪತ್ತು ವರುಷದ ಹಿಂದಿನ ವೇಗವನ್ನು ಕೇಳುವದು, ಕೈಯಾದರೋ ಕೊಡಲಾರದು. ಹಲವರು ಮೂರನೇ ದಿನವೇ ವಾದ್ಯವನ್ನು ತಿರಿಗಿ ಮೊಳೆಗೆ ತೂಗುವದಕ್ಕೆ ಇದೇ ಕಾರಣ. ಮನಸ್ಸು ಕೈಗಾಗಿ ಕಾದುಕೊಳ್ಳಬೇಕು.

4. ಹಳೇ ಗಿಟಾರನ್ನು ಪರೀಕ್ಷಿಸುವ ಕ್ರಮ

ಗಿಟಾರಿನ ಈಗಿನ ಆಕಾರವು ಬಹುಮಟ್ಟಿಗೆ ಸ್ಪೇನ್ ದೇಶದ ಅಂತೋನಿಯೋ ದೆ ತೊರ್ರೆಸ್ (1817–1892) ಎಂಬ ಕುಶಲಕರ್ಮಿಯ ಕೈಯಿಂದ ಬಂದದ್ದು. ಕುದುರೆಯಿಂದ ತಲೆಯ ಕಡೆಯ ಪಟ್ಟಿಯ ವರೆಗೆ ತಂತಿಯ ಉದ್ದವು ಸಾಮಾನ್ಯವಾಗಿ 65 ಸೆಂಟಿಮೀಟರು. ಹಳೇ ಗಿಟಾರನ್ನು ಕೊಳ್ಳುವಾಗ ಎತ್ತನ್ನು ಕೊಳ್ಳುವವನು ಹಲ್ಲನ್ನೂ ಗೊರಸನ್ನೂ ನೋಡುವ ಹಾಗೆ ಈ ಭಾಗಗಳನ್ನು ನೋಡಬೇಕು. ಬಣ್ಣ ಹೋದದ್ದೂ ಗೀರು ಬಿದ್ದದ್ದೂ ದೋಷವಲ್ಲ. ಅದರಿಂದ ಕ್ರಯ ಕಡಿಮೆಯಾದರೆ ಲಾಭವೇ.

(ಅ) ದಂಡಿ. ವಾದ್ಯದ ತಲೆಯನ್ನು ಕಣ್ಣಿನ ಹತ್ತಿರ ಹಿಡಿದು ದಂಡಿಯ ಉದ್ದಕ್ಕೂ ನೋಡಿರಿ. ಸ್ವಲ್ಪ ಬಾಗಿದ್ದರೆ ಚಿಂತೆ ಇಲ್ಲ. ಉಕ್ಕಿನ ತಂತಿಯ ಅನೇಕ ಗಿಟಾರುಗಳಲ್ಲಿ ಅದನ್ನು ಸರಿಪಡಿಸುವ ಕಬ್ಬಿಣದ ಸರಳು ದಂಡಿಯೊಳಗೇ ಇರುತ್ತದೆ. ಬಟ್ಟೆ ಹಿಂಡಿದ ಹಾಗೆ ಸುತ್ತಿಕೊಂಡಿದ್ದರೆ ಅಂಥಾದ್ದನ್ನು ಬಿಡಿರಿ.

(ಆ) ತಂತಿಯ ಎತ್ತರ. ದಂಡಿಯ ಮೇಲೆ ಅಡ್ಡವಾಗಿರುವ ಲೋಹದ ಮೆಟ್ಟುಗಳನ್ನು ಎಣಿಸಿ ಹನ್ನೆರಡನೇದರ ಮೇಲೆ ತಂತಿಯು ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಉಕ್ಕಿನ ತಂತಿಯಾದರೆ ಸುಮಾರು 2ರಿಂದ 3 ಮಿಲಿಮೀಟರು, ನೈಲಾನ್ ತಂತಿಯಾದರೆ ಸುಮಾರು 3ರಿಂದ 4 ಮಿಲಿಮೀಟರು ಇರತಕ್ಕದ್ದು. ಅದಕ್ಕಿಂತ ಬಹಳ ಎತ್ತರವಾದರೆ ಪ್ರಾಯ ಹೋದ ಬೆರಳುಗಳಿಗೆ ಒತ್ತಲು ಆಗದು. "ನನ್ನ ಕೈಯಲ್ಲಿ ಬಲವಿಲ್ಲ" ಎಂದು ನಿರಾಶೆಪಟ್ಟ ಎಷ್ಟೋ ಜನರ ಕೈಗೆ ದೋಷವಿಲ್ಲ, ದೋಷವು ತಂತಿಯ ಎತ್ತರಕ್ಕೆ. ಕುದುರೆಯ ಮೇಲಣ ಎಲುಬಿನ ಪಟ್ಟಿಯ ಅಡಿಯನ್ನು ಸ್ವಲ್ಪ ಉಜ್ಜಿ ಇದನ್ನು ತಗ್ಗಿಸಬಹುದು. ಬಲ್ಲವನಿಂದ ಮಾಡಿಸುವದು ಒಳ್ಳೇದು.

(ಇ) ಕುದುರೆ. ಇದರ ಹಿಂದಿನ ಅಂಚಿನಲ್ಲಿ ತೆಳು ಕಾಗದದ ತುಂಡನ್ನು ತೂರಿಸಿ ನೋಡಿರಿ. ಕಾಗದವು ಒಳಗೆ ಹೋದರೆ ಅಂಟು ಬಿಟ್ಟಿದೆ ಎಂದು ತಿಳಿಯಿರಿ.

(ಈ) ಹಲಿಗೆ. ಮೇಲಣ ಹಲಿಗೆಯು ಬಿರುಕು ಬಿಟ್ಟಿದೆಯೋ, ಕುದುರೆಯ ಹಿಂದೆ ಹೊಟ್ಟೆಯ ಹಾಗೆ ಉಬ್ಬಿದೆಯೋ ನೋಡಿರಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಒಳಗೆ ಸಡಲಿದ ಪಟ್ಟಿಯು ಗರಗರ ಎಂದು ತಿಳಿಸುವದು.

(ಉ) ಮೆಟ್ಟುಗಳೂ ಬಿರಡೆಗಳೂ. ಪ್ರತಿಯೊಂದು ತಂತಿಯನ್ನು ಪ್ರತಿಯೊಂದು ಮೆಟ್ಟಿನಲ್ಲಿ ಒತ್ತಿ ಬಾರಿಸಿರಿ. ಎಲ್ಲಿ ಗಿರ್ರೆನ್ನುವದೋ ಅಲ್ಲಿ ಮೆಟ್ಟು ಸವೆದಿದೆ ಅಥವಾ ಎದ್ದಿದೆ. ಬಿರಡೆಗಳನ್ನು ತಿರುಗಿಸಿದಾಗ ಜಾರಬಾರದು.

ಇನ್ನೊಂದು ಮುಖ್ಯ ಸಂಗತಿ. ಆರು ಉಕ್ಕಿನ ತಂತಿಗಳನ್ನು ಬಿಗಿದಾಗ ಅವು ಎಲ್ಲಾ ಸೇರಿ ಸುಮಾರು 70 ಕಿಲೋ ತೂಕದಷ್ಟು ಎಳೆಯುತ್ತವೆ. ನೈಲಾನ್ ತಂತಿಗಳಾದರೆ ಸುಮಾರು 40 ಕಿಲೋ. ಆದದರಿಂದ ನೈಲಾನಿಗಾಗಿ ಕಟ್ಟಿದ ಹಗುರ ಗಿಟಾರಿಗೆ ಉಕ್ಕಿನ ತಂತಿಯನ್ನು ಎಂದಿಗೂ ಹಾಕಬಾರದು. ಕುದುರೆ ಕಿತ್ತುಬರುವದು, ದಂಡಿ ಬಾಗುವದು. ತಿರಿಗಿ ಆರಂಭಿಸುವವರ ಬೆರಳಿಗೆ ನೈಲಾನ್ ತಂತಿಯೇ ಮೆತ್ತಗಿರುವದು. ಯಾವದಾದರೂ ಆಗಲಿ, ತುಕ್ಕು ಹಿಡಿದ ಹಳೇ ತಂತಿಗಳನ್ನು ತೆಗೆದು ಹೊಸವುಗಳನ್ನು ಹಾಕಿರಿ. ಸತ್ತ ತಂತಿಯಲ್ಲಿ ಒಳ್ಳೇ ವಾದ್ಯವೂ ಮೂಕವಾಗುವದು.

ಮರವು ಗಾಳಿಯ ತೇವವನ್ನು ಕುಡಿದು ಉಬ್ಬುವದು, ಒಣಗಿದರೆ ಬಿರಿಯುವದು. ಗಾಳಿಯ ತೇವವು ನೂರಕ್ಕೆ 45ರಿಂದ 55ರ ವರೆಗೆ ಇದ್ದರೆ ಗಿಟಾರಿಗೆ ಕ್ಷೇಮ. ಕರಾವಳಿಯ ಮಳೆಗಾಲದಲ್ಲಿ ಇದಕ್ಕಿಂತ ಬಹಳ ಹೆಚ್ಚು, ಬಯಲುಸೀಮೆಯ ಬೇಸಿಗೆಯಲ್ಲಿ ಬಹಳ ಕಡಿಮೆ. ಆದದರಿಂದ ಬಿಸಿಲು ಬೀಳುವ ಗೋಡೆಗೂ ಒಲೆಯ ಹತ್ತಿರಕ್ಕೂ ಹಂಚಿನ ಕೆಳಗಣ ಅಟ್ಟಕ್ಕೂ ವಾದ್ಯವನ್ನು ಸೇರಿಸದೆ, ಪೆಟ್ಟಿಗೆಯಲ್ಲಾಗಲಿ ದಪ್ಪ ಬಟ್ಟೆಯ ಚೀಲದಲ್ಲಾಗಲಿ ಇಡಿರಿ.

5. ಸ್ವರ ಕೂಡಿಸುವದು

ತೆಳುವಾದ ತಂತಿಯನ್ನು ಒಂದನೇದೆಂದೂ ದಪ್ಪವಾದದ್ದನ್ನು ಆರನೇದೆಂದೂ ಎಣಿಸುವದು ವಾಡಿಕೆ. ಆರನೇದರಿಂದ ಒಂದನೇದರ ವರೆಗೆ ಅವುಗಳ ಸ್ವರಗಳು ಇ, ಎ, ಡಿ, ಜಿ, ಬಿ, ಇ. ಇವು ಒಂದು ಸೆಕೆಂಡಿಗೆ ಸುಮಾರು 82, 110, 147, 196, 247, 330 ಸಾರಿ ಅಲುಗುತ್ತವೆ. ಒಂದನೇ ತಂತಿಯು ಆರನೇದರ ನಾಲ್ಕರಷ್ಟು ಬೇಗ ಅಲುಗುವದರಿಂದ, ಅದೇ ಸ್ವರವು ಎರಡು ಸ್ಥಾಯಿ ಮೇಲೆ ಕೇಳುವದು.

ಮೊಬೈಲಿನಲ್ಲಿ ಸ್ವರ ತೋರಿಸುವ ಸಾಧನವನ್ನು ಮಕ್ಕಳು ಹಾಕಿಕೊಟ್ಟಾರು, ಅದು ಉಪಯೋಗವೇ. ಆದರೂ ಕಿವಿಯನ್ನು ತಿದ್ದುವದಕ್ಕೆ ಹಳೇ ಕ್ರಮವೇ ಮೇಲು. ಹೇಗಂದರೆ, ಆರನೇ ತಂತಿಯನ್ನು ಹಾರ್ಮೋನಿಯಂನ ಇ ಸ್ವರಕ್ಕೆ ಸರಿಮಾಡಿರಿ. ಅದನ್ನು ಐದನೇ ಮೆಟ್ಟಿನಲ್ಲಿ ಒತ್ತಿದಾಗ ಬರುವ ಸ್ವರಕ್ಕೆ ಬಿಡಿಯಾದ ಐದನೇ ತಂತಿಯನ್ನು ಕೂಡಿಸಿರಿ. ಐದನೇದರ ಐದನೇ ಮೆಟ್ಟಿಗೆ ನಾಲ್ಕನೇ ತಂತಿ. ನಾಲ್ಕನೇದರ ಐದನೇ ಮೆಟ್ಟಿಗೆ ಮೂರನೇ ತಂತಿ. ಮೂರನೇದರಲ್ಲಿ ಮಾತ್ರ ನಾಲ್ಕನೇ ಮೆಟ್ಟನ್ನು ಒತ್ತಿ ಅದಕ್ಕೆ ಎರಡನೇ ತಂತಿಯನ್ನು ಕೂಡಿಸಬೇಕು. ಕೊನೆಗೆ ಎರಡನೇದರ ಐದನೇ ಮೆಟ್ಟಿಗೆ ಒಂದನೇ ತಂತಿ. ಎರಡು ತಂತಿಗಳ ಸ್ವರವು ಸ್ವಲ್ಪ ತಪ್ಪಿದ್ದರೆ ಅಲೆ ಎದ್ದು ಬಿದ್ದ ಹಾಗೆ ಕೇಳುವದು. ಸರಿಗೆ ಹತ್ತಿರವಾದಂತೆ ಅಲೆಯು ನಿಧಾನವಾಗಿ ಕೊನೆಗೆ ಶಾಂತವಾಗುವದು.

ಮೆಟ್ಟುಗಳಿರುವ ಸ್ಥಳಕ್ಕೂ ಒಂದು ಲೆಕ್ಕ ಉಂಟು. ತಲೆಯ ಕಡೆಯಿಂದ ಅಳೆದರೆ ಹನ್ನೆರಡನೇ ಮೆಟ್ಟು ತಂತಿಯ ಸರೀ ಅರ್ಧದಲ್ಲಿಯೂ, ಏಳನೇದು ಸುಮಾರು ಮೂರರಲ್ಲಿ ಒಂದು ಪಾಲಿನಲ್ಲಿಯೂ, ಐದನೇದು ಸುಮಾರು ಕಾಲು ಪಾಲಿನಲ್ಲಿಯೂ ಇರುವವು. ಅರ್ಧ ತಂತಿಯು ಎರಡರಷ್ಟು ಬೇಗ ಅಲುಗುವದರಿಂದ ಹನ್ನೆರಡನೇ ಮೆಟ್ಟಿನಲ್ಲಿ ಅದೇ ಸ್ವರವು ಮೇಲಣ ಸ್ಥಾಯಿಯಲ್ಲಿ ಕೇಳಬೇಕು. ಕೊಳ್ಳುವ ಮೊದಲು ಇದನ್ನೂ ಪರೀಕ್ಷಿಸಿರಿ.

6. ಮೊದಲನೇ ಆರು ವಾರ

ಒಂದನೇ ಮತ್ತು ಎರಡನೇ ವಾರ: ದಿನಕ್ಕೆ ಎರಡು ಸಾರಿ, ಒಂದೊಂದು ಸಾರಿಗೆ ಹತ್ತು ನಿಮಿಷ ಮಾತ್ರ. ಭಾನುವಾರ ಎರಡು ಗಂಟೆ ಬಾರಿಸಿ ಮಿಕ್ಕ ದಿನ ಬಿಡುವದಕ್ಕಿಂತ ದಿನದಿನವೂ ಸ್ವಲ್ಪ ಬಾರಿಸುವದು ಹೆಚ್ಚು ಫಲಕರ. ಕಲಿತದ್ದು ನಿದ್ದೆಯಲ್ಲಿಯೂ ಗಟ್ಟಿಯಾಗುವದೆಂದು ಪರೀಕ್ಷೆಗಳಿಂದ ತಿಳಿದಿದೆ. ಮೊದಲು ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿರಿ. ಬೆರಳನ್ನು ಮೆಟ್ಟಿನ ಮೇಲೆಯಲ್ಲ, ಅದರ ಹಿಂದೆ ಒತ್ತಾಗಿ ಇಟ್ಟರೆ ಕಡಿಮೆ ಬಲ ಸಾಕಾಗುವದು. ಹೊಸಬರು ಇ ಮೈನರ್ ಎಂಬ ಸ್ವರಮೇಳದಿಂದ ಆರಂಭಿಸಬಹುದು. ಐದನೇ ಮತ್ತು ನಾಲ್ಕನೇ ತಂತಿಗಳನ್ನು ಎರಡನೇ ಮೆಟ್ಟಿನಲ್ಲಿ ಎರಡು ಬೆರಳುಗಳಿಂದ ಒತ್ತಿದರೆ ಅದು ಬರುವದು.

ಮೂರನೇ ಮತ್ತು ನಾಲ್ಕನೇ ವಾರ: ಮೇಲಿನದಕ್ಕೆ ಮೂರನೇ ತಂತಿಯ ಒಂದನೇ ಮೆಟ್ಟನ್ನು ಕೂಡಿಸಿದರೆ ಇ ಮೇಜರ್. ಅದೇ ಆಕಾರವನ್ನು ಒಂದು ತಂತಿಯಷ್ಟು ತೆಳು ತಂತಿಗಳ ಕಡೆಗೆ ಸರಿಸಿದರೆ ಎ ಮೈನರ್. ಒಂದೇ ಆಕಾರದಿಂದ ಎರಡು ಸ್ವರಮೇಳ ಬರುವದರಿಂದ ಬಿರುಸಾದ ಬೆರಳುಗಳಿಗೆ ಇದು ಒಳ್ಳೇ ಅಭ್ಯಾಸ. ಒಂದರಿಂದ ಇನ್ನೊಂದಕ್ಕೆ ಬಹು ನಿಧಾನವಾಗಿ ಸರಿಯಿರಿ. ವೇಗವನ್ನು ಹುಡುಕಬೇಡಿರಿ, ತಪ್ಪಿಲ್ಲದ ನಿಧಾನದಿಂದ ವೇಗವು ತಾನೇ ಬರುವದು. ಇಷ್ಟರಲ್ಲಿ ಬೆರಳ ತುದಿಯ ಚರ್ಮವು ಗಟ್ಟಿಯಾಗುತ್ತಾ ಬರುವದು.

ಐದನೇ ಮತ್ತು ಆರನೇ ವಾರ: ನಿಮಗೆ ಬಾಲ್ಯದಿಂದ ಗೊತ್ತಿರುವ ಒಂದೇ ಒಂದು ಹಾಡನ್ನು ಆರಿಸಿಕೊಳ್ಳಿರಿ. ಹತ್ತನ್ನು ಅರ್ಧಂಬರ್ಧ ಬಾರಿಸುವವನಿಗಿಂತ ಒಂದನ್ನು ಕೊನೇ ವರೆಗೆ ಬಾರಿಸುವವನು ಬೇಗ ಧೈರ್ಯ ಹೊಂದುವನು. ಆ ಮೇಲೆ ಇನ್ನೊಬ್ಬರ ಸಂಗಡ ಬಾರಿಸಿರಿ. ಮೊಮ್ಮಗನು ತಾಳ ಹಾಕಲಿ, ನೆರೆಯವನು ಹಾಡಲಿ. ಒಬ್ಬನೇ ಬಾರಿಸುವವನು ಕಷ್ಟದ ಸ್ಥಳದಲ್ಲಿ ನಿಲ್ಲುವನು; ಕೂಡಿ ಬಾರಿಸುವವನು ನಿಲ್ಲದೆ ಸಾಗುವದನ್ನು ಕಲಿಯುವನು.

ಎಚ್ಚರಿಕೆ: ಬೆರಳ ತುದಿಯ ಉರಿಯು ಸಹಜ, ಅದು ಹೋಗುವದು. ಆದರೆ ಗೆಣ್ಣಿನಲ್ಲಿಯೋ ಮುಂಗೈಯಲ್ಲಿಯೋ ನೋವು ಹುಟ್ಟಿದರೆ, ಕೈ ಜೋಮು ಹಿಡಿದರೆ, ಕೂಡಲೇ ನಿಲ್ಲಿಸಿರಿ. ಕೆಲವು ದಿನಗಳಲ್ಲಿ ವಾಸಿಯಾಗದಿದ್ದರೆ ವೈದ್ಯರಿಗೆ ತೋರಿಸಿರಿ. ನೋವನ್ನು ಸಹಿಸಿ ಬಾರಿಸುವದು ಶೂರತ್ವವಲ್ಲ.

7. ನಾಚಿಕೆಯ ವಿಷಯ

ಕೊನೇದಾಗಿ "ನೋಡಿದವರು ನಕ್ಕಾರು" ಎಂಬ ಮೂರನೇ ಮಾತು. ಇದಕ್ಕೆ ಉತ್ತರವನ್ನು ಬಾರಿಸುವವನು ಮಾತ್ರವಲ್ಲ, ಸುತ್ತಲಿನವರೂ ಕೊಡಬೇಕು. ಮಗುವು ತೊದಲಿದರೆ ನಾವು ಸಂತೋಷಪಡುತ್ತೇವೆ. ಮುದುಕನು ತೊದಲಿದರೆ ನಗುತ್ತೇವೆ. ಕಲಿಯುವವನಿಗೆ ತೊದಲುವ ಹಕ್ಕು ಯಾವ ಪ್ರಾಯದಲ್ಲಿಯೂ ಉಂಟು. ಎಲಿಜಬೆತಳು ಗೋಡೆಯಿಂದ ಗಿಟಾರನ್ನು ಇಳಿಸಿದ ದಿನ ಆ ಮನೆಯ ಮಕ್ಕಳು ನಕ್ಕಿದ್ದರೆ, "ನಿನ್ನ ಕೆಲಸ ನೋಡಿಕೋ" ಅಂದಿದ್ದರೆ, ಆಕೆ ಅದನ್ನು ತಿರಿಗಿ ಮುಟ್ಟುತ್ತಿದ್ದಳೋ? ಅವರು ಕೂತು ಕೇಳಿದರು, ಇನ್ನೂ ಬಾರಿಸೆಂದರು. ಆಕೆಯ ಕೀರ್ತಿಯಲ್ಲಿ ಅರ್ಧ ಪಾಲು ಆಕೆಯ ಬೆರಳುಗಳದ್ದಾದರೆ ಇನ್ನರ್ಧವು ಆ ಮಕ್ಕಳ ಕಿವಿಗಳದ್ದು.

ಆದದರಿಂದ ನಿಮ್ಮ ಮನೆಯಲ್ಲಿ ಇಂಥಾ ವಾದ್ಯವಿದ್ದರೆ ಅದರ ಧೂಳನ್ನು ಒರಸಿರಿ. ನಿಮ್ಮ ಕೈಗೆ ಅದು ಬೇಡವಾದರೆ ನೆರೆಮನೆಯಲ್ಲಿ ಬಾರಿಸಬಲ್ಲವರು ಇದ್ದಾರೋ ವಿಚಾರಿಸಿರಿ. ಇದ್ದರೆ ಅವರ ಗೋಡೆಗೆ ತೂಗಿ ಬನ್ನಿರಿ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಎಲಿಜಬೆತ್ ಕಾಟನಳು ಗಿಟಾರನ್ನು ಬಿಟ್ಟದ್ದಕ್ಕೂ ತಿರಿಗಿ ಹಿಡಿದದ್ದಕ್ಕೂ ಕಾರಣಗಳೇನು?
2. ವಾದ್ಯ, ಹಾಡು, ಕೂಟ ಇವುಗಳಿಗೆ ಇರುವ ಭೇದವೇನು? ಬುದ್ಧಿ ಹೇಳುವ ಹಿರಿಯರು ಏನನ್ನು ತೂಗಿನೋಡಬೇಕು?
3. ಕೈಯ ಜ್ಞಾಪಕವು ಮನಸ್ಸಿನ ಜ್ಞಾಪಕಕ್ಕಿಂತ ಬೇರೆ ಎಂಬದು ಯಾವ ಪರೀಕ್ಷೆಯಿಂದ ತಿಳಿಯಿತು?
4. ನೈಲಾನ್ ತಂತಿಯ ಗಿಟಾರಿಗೆ ಉಕ್ಕಿನ ತಂತಿ ಹಾಕಬಾರದು, ಯಾಕೆ?
5. ನಮ್ಮ ಊರಿನಲ್ಲಿ ಯೌವನದಲ್ಲಿ ಬಾರಿಸಿ ಈಗ ಬಿಟ್ಟವರು ಯಾರು ಯಾರು? ಅವರನ್ನು ಈ ತಿಂಗಳಲ್ಲಿ ಕೇಳಿಕೊಳ್ಳುವವರು ಯಾರು?